ಸ್ಕೌಟ್‌ಗೆ ಹಾಕಿದರೆ ಮಗ ಮಿಲಿಟರಿಗೆ ಹೋಗ್ತಾನಾ?

ಜೂನ್‌ನಲ್ಲಿ ಶಾಲೆ ಶುರುವಾಗಿ ಹದಿನೈದು ದಿನ ಕಳೆಯುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. “ಸರ್, ಹುಡುಗನ್ನ ಸ್ಕೌಟ್‌ಗೆ ಹಾಕಿದ್ರೆ ಮುಂದೆ ಮಿಲಿಟರಿಗೆ ಹೋಗ್ತಾನಾ?”

ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ನಾನು ಇಪ್ಪತ್ತು ವರ್ಷದಿಂದ ಸ್ಕೌಟ್ ಮಾಸ್ಟರ್. ಪ್ರಶ್ನೆ ಒಂದೇ, ಕೇಳುವವರು ಮಾತ್ರ ಎರಡು ಥರ. ಕೌಲ್ ಬಜಾರಿನಲ್ಲಿ ಆಟೋ ಓಡಿಸುವ ಅಪ್ಪ ಕೇಳುವಾಗ ಮುಖದಲ್ಲಿ ಆಸೆ ಇರುತ್ತದೆ. ಹುಡುಗನಿಗೆ ಒಂದು ಯೂನಿಫಾರ್ಮು, ಒಂದು ಪಕ್ಕಾ ಸಂಬಳ ಸಿಕ್ಕರೆ ಮನೆ ದಡ ಸೇರುತ್ತದೆ ಅಂತ. ತಾಯಂದಿರು ಕೇಳುವಾಗ ದನಿ ಇಳಿಯುತ್ತದೆ. “ಇರೋನು ಒಬ್ಬನೇ ಸರ್” ಅಂತ ಸೇರಿಸುತ್ತಾರೆ. ಇಬ್ಬರಿಗೂ ಗೇಟಿನ ಹತ್ತಿರ ನಿಂತು ಎರಡು ಮಾತು ಹೇಳಿ ಕಳಿಸುತ್ತಿದ್ದೆ. ಅಷ್ಟು ಸಾಲದು ಅಂತ ಈಚೆಗೆ ಅನ್ನಿಸುತ್ತಿದೆ. ಅದಕ್ಕೇ ಬರೆಯಲು ಕೂತೆ.

ಮೊದಲು ಆ ಎರಡು ಮಾತು. ಇಲ್ಲ, ಸ್ಕೌಟ್ ಅಂದರೆ ಮಿಲಿಟರಿ ತರಬೇತಿ ಅಲ್ಲ. ನಮ್ಮಲ್ಲಿ ಬಂದೂಕು ಹಿಡಿಯುವ ಪಾಠವೇ ಇಲ್ಲ. ನಮ್ಮ ಕಡೆ ಶಾಲೆಗಳಲ್ಲಿ ಸೇವಾದಳ, ಎನ್‌ಸಿಸಿ, ಸ್ಕೌಟ್ ಮೂರೂ ಇರುವುದರಿಂದ ಜನ ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ. ವಿಸಿಲ್ ಊದಿದರೆ ಸಾಲಾಗಿ ನಿಲ್ಲುವುದು ಮೂರರಲ್ಲೂ ಇದೆ, ನಿಜ. ಆದರೆ ಎನ್‌ಸಿಸಿ ನಡೆಯುವುದು ರಕ್ಷಣಾ ಇಲಾಖೆಯ ಕೆಳಗೆ. ಅದರ ‘ಸಿ’ ಸರ್ಟಿಫಿಕೇಟ್ ಇದ್ದರೆ ಸೈನ್ಯಕ್ಕೆ ಸೇರುವಾಗ ಅನುಕೂಲ. ಸ್ಕೌಟ್‌ಗೆ ಆ ಸಂಬಂಧ ಇಲ್ಲ. ನೌಕರಿಯದ್ದೇ ಯೋಚನೆ ಇರುವ ಅಪ್ಪಂದಿರಿಗೆ ಇನ್ನೊಂದು ಹೇಳುತ್ತೇನೆ. ರೈಲ್ವೆಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ ಅಂತ ಇದೆ. ಹುಡುಗ ಸೋಪಾನ, ಅಂದರೆ ಸ್ಕೌಟಿನ ಹಂತಗಳನ್ನು, ಹತ್ತುತ್ತಾ ರಾಷ್ಟ್ರಪತಿ ಪುರಸ್ಕಾರದವರೆಗೂ ಹೋದರೆ ಅದು ಉಪಯೋಗಕ್ಕೆ ಬರುತ್ತದೆ.

ಆದರೆ ಸ್ಕೌಟಿಗೂ ಯುದ್ಧಕ್ಕೂ ಸಂಬಂಧವೇ ಇಲ್ಲ ಅಂದರೆ ಅದು ಸುಳ್ಳು. ಮಕ್ಕಳನ್ನು ನಂಬಿ ನನ್ನ ಕೈಗೆ ಒಪ್ಪಿಸುವವರಿಗೆ ನಾನು ಸುಳ್ಳು ಹೇಳಲಾರೆ.

ಸ್ಕೌಟ್ ಹುಟ್ಟಿದ್ದೇ ಒಂದು ಮುತ್ತಿಗೆಯ ನೆನಪಿನಿಂದ. 1899ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಅನ್ನುವ ಸಣ್ಣ ಊರನ್ನು ಬೋಯರ್ ಪಡೆ, ಅಂದರೆ ಅಲ್ಲೇ ನೆಲೆಸಿದ್ದ ಡಚ್ ಮೂಲದವರ ಪಡೆ, ಸುತ್ತುವರಿಯಿತು. ಊರನ್ನು ಕಾಯುತ್ತಿದ್ದ ಬ್ರಿಟಿಷ್ ಅಧಿಕಾರಿ ಬೇಡನ್ ಪೊವೆಲ್. ಮುಂದೆ ಸ್ಕೌಟ್ ಶುರು ಮಾಡಿದವರು ಇವರೇ. ಮುತ್ತಿಗೆ 217 ದಿನ ನಡೆಯಿತು. ಸೈನಿಕರು ಸಾಲಲಿಲ್ಲ. ಆಗ ಊರಿನ ಹುಡುಗರದ್ದೇ ಒಂದು ಪಡೆ ಕಟ್ಟಿದರು. ಹನ್ನೆರಡು, ಹದಿಮೂರು, ಹದಿನಾಲ್ಕು ವಯಸ್ಸಿನವರು. ಅವರ ಕೆಲಸ ಚೀಟಿ ಒಯ್ಯುವುದು, ಆಸ್ಪತ್ರೆಯಲ್ಲಿ ಕೈಜೋಡಿಸುವುದು, ಮೇಲೆ ನಿಂತು ಶತ್ರು ಬರುತ್ತಾನಾ ಅಂತ ನೋಡುವುದು. ಮೊದಲು ಕತ್ತೆ ಮೇಲೆ ಓಡಾಡುತ್ತಿದ್ದರು, ಆಮೇಲೆ ಸೈಕಲ್ ಮೇಲೆ.

ಅದರಲ್ಲಿ ಒಬ್ಬ ಹುಡುಗನ ಮಾತನ್ನು ಬೇಡನ್ ಪೊವೆಲ್ ಬರೆದಿಟ್ಟಿದ್ದಾರೆ. ಗುಂಡು ಬೀಳುವಾಗ ಹೀಗೆ ಓಡಾಡಿದರೆ ಒಂದಿನ ತಗಲುತ್ತದೆ ನೋಡು, ಅಂತ ಅವರು ಎಚ್ಚರಿಸಿದರಂತೆ. ಹುಡುಗ, ನಾನು ಅಷ್ಟು ಜೋರಾಗಿ ಪೆಡಲ್ ತುಳಿತೀನಿ ಸರ್, ಅವು ನನ್ನ ಹಿಡಿಯೋಕೇ ಆಗಲ್ಲ, ಅಂದನಂತೆ. ಸ್ಕೌಟ್ ಕ್ಯಾಂಪ್‌ಗಳಲ್ಲಿ ಈ ಕಥೆ ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನನಗೆ ಮಾತ್ರ ಎದೆ ಝಲ್ ಅನ್ನುತ್ತದೆ. ಎಂಟನೇ ಕ್ಲಾಸಿನ ಹುಡುಗರು ಥೇಟ್ ಹೀಗೇ ಮಾತಾಡುತ್ತಾರೆ. ತಮಗೆ ಏನೂ ಆಗಲ್ಲ ಅಂತ ಅವರು ಪೂರ್ತಿ ನಂಬಿರುತ್ತಾರೆ. ಆ ಮುತ್ತಿಗೆಯಲ್ಲಿ ಹಸಿವಿನಿಂದ ಜಾಸ್ತಿ ನರಳಿದವರು ಅಲ್ಲಿನ ಕಪ್ಪು ಜನ ಅನ್ನುವುದನ್ನೂ ನಾನು ಹುಡುಗರಿಗೆ ಹೇಳುತ್ತೇನೆ. ಕಥೆಯಲ್ಲಿ ಅವರನ್ನು ಬಿಡುವುದು ತಪ್ಪು.

ಬೇಡನ್ ಪೊವೆಲ್ ಮಾಫೆಕಿಂಗ್‌ನಿಂದ ತಂದದ್ದು ಒಂದು ಅನುಭವ. ಹುಡುಗರ ಮೇಲೆ ನಿಜವಾದ ಜವಾಬ್ದಾರಿ ಹಾಕಿದರೆ ಅವರು ಹೊರುತ್ತಾರೆ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಕಟ್ಟಿಕೊಂಡು ಅವರು ಮೊದಲ ಕ್ಯಾಂಪ್ ಮಾಡಿದರು. ಕೆಲವರು ಸಾಹುಕಾರರ ಮಕ್ಕಳು, ಕೆಲವರು ಕೂಲಿಯವರ ಮಕ್ಕಳು, ಎಲ್ಲರೂ ಒಟ್ಟಿಗೆ. ನನಗೆ ಸ್ಕೌಟ್ ಮೇಲೆ ಪ್ರೀತಿ ಹುಟ್ಟಿದ್ದು ಈ ಒಂದು ವಿಷಯಕ್ಕೆ.

ಏಳು ವರ್ಷಕ್ಕೇ ಮೊದಲ ಮಹಾಯುದ್ಧ ಬಂತು. ಬ್ರಿಟನ್ನಿನ ಸ್ಕೌಟ್‌ಗಳು ಸೇತುವೆ ಕಾದರು, ಟೆಲಿಗ್ರಾಫ್ ತಂತಿ ಕಾದರು. ಸೀ ಸ್ಕೌಟ್‌ಗಳು ಸಮುದ್ರದ ದಂಡೆಯಲ್ಲಿ ಕಾವಲು ನಿಂತರು. ವಿಮಾನ ದಾಳಿ ಮುಗಿದ ಮೇಲೆ ಇನ್ನು ಭಯ ಇಲ್ಲ ಅಂತ ಬ್ಯೂಗಲ್ ಊದುತ್ತಾ ಬೀದಿ ಸುತ್ತಿದರು. ಗೂಢಚಾರ ಇಲಾಖೆಯಲ್ಲಿ ಚೀಟಿ ಒಯ್ಯಲು ಮೊದಲು ಹುಡುಗರನ್ನು ಇಟ್ಟುಕೊಂಡರು. ಅವರ ಗಲಾಟೆ ಜಾಸ್ತಿಯಾಗಿ, ಕೊನೆಗೆ ಆ ಕೆಲಸ ಗೈಡ್ ಹುಡುಗಿಯರಿಗೆ ಹೋಯಿತು. ನಮ್ಮ ಗೈಡ್ ಮಕ್ಕಳಿಗೆ ಈ ಕಥೆ ಎಷ್ಟು ಸಲ ಹೇಳಿದರೂ ಬೇಜಾರಿಲ್ಲ.

ಅದೇ ಯುದ್ಧದಲ್ಲಿ ಜ್ಯಾಕ್ ಕಾರ್ನ್‌ವೆಲ್ ಅನ್ನುವ ಹುಡುಗ ಇದ್ದ. ಮೊದಲು ಸ್ಕೌಟ್, ಆಮೇಲೆ ನೌಕಾಪಡೆ. 1916ರ ಮೇ 31ರಂದು ಜಟ್‌ಲ್ಯಾಂಡ್ ಕಾಳಗದಲ್ಲಿ, ಸುತ್ತ ಇದ್ದವರೆಲ್ಲ ಬಿದ್ದರೂ, ಮೈಯೆಲ್ಲ ಗಾಯವಾದರೂ ಫಿರಂಗಿ ಬಿಟ್ಟು ಕದಲಲಿಲ್ಲ. ಎರಡು ದಿನಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 16. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಕೊಟ್ಟರು, ಅವನ ಹೆಸರಲ್ಲಿ ಧೈರ್ಯಕ್ಕೆ ಒಂದು ಸ್ಕೌಟ್ ಬ್ಯಾಡ್ಜ್ ಮಾಡಿದರು. ಅವನ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅವನನ್ನು ಅಲ್ಲಿ ನಿಲ್ಲಿಸಿದ ದೊಡ್ಡವರನ್ನು ನಾನು ಒಪ್ಪುವುದಿಲ್ಲ. ಹದಿನಾರು ಅಂದರೆ ನಮ್ಮ ಲೆಕ್ಕದಲ್ಲಿ ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ.

ಆ ಯುದ್ಧ ನಮ್ಮೂರಿಗೇನೂ ದೂರದ್ದಲ್ಲ. ಸೆರೆ ಸಿಕ್ಕ ತುರ್ಕಿ ಸೈನಿಕರನ್ನು ತಂದು ಇಟ್ಟಿದ್ದ ಊರುಗಳಲ್ಲಿ ಬಳ್ಳಾರಿಯೂ ಒಂದು. ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ನಂಬುವುದೇ ಇಲ್ಲ.

ಇನ್ನು ನಮ್ಮ ದೇಶದ ಕಥೆ. ಇದೇ ನನ್ನ ಉತ್ತರದ ತಿರುಳು. 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಬೇಕರ್ ಅನ್ನುವವರು ಮೊದಲ ಸ್ಕೌಟ್ ದಳ ಶುರು ಮಾಡಿದರು. ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಈ ವಿದ್ಯೆ ಕಲಿತರೆ ನಾಳೆ ಇವರು ಸರ್ಕಾರದ ವಿರುದ್ಧವೇ ತಿರುಗಿಬೀಳುತ್ತಾರೆ ಅನ್ನುವ ಭಯ ಆಳುವವರಿಗೆ ಇತ್ತು. ಸ್ಕೌಟ್ ಅಂದರೆ ಮಿಲಿಟರಿ ಅಲ್ವಾ ಅಂತ ಇವತ್ತು ತಾಯಂದಿರು ಕೇಳುವ ಪ್ರಶ್ನೆಯನ್ನು ಆಗ ಸರ್ಕಾರವೇ ತನ್ನನ್ನು ಕೇಳಿಕೊಂಡಿತ್ತು!

ಬಾಗಿಲು ತೆರೆಯಲಿ ಅಂತ ನಮ್ಮವರು ಕಾಯಲಿಲ್ಲ. 1916ರಲ್ಲಿ ಆನಿ ಬೆಸೆಂಟ್ ಮದ್ರಾಸಿನಲ್ಲಿ ಭಾರತದ ಮಕ್ಕಳಿಗೇ ಬೇರೆ ಸ್ಕೌಟ್ ಸಂಘ ಕಟ್ಟಿದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಹ್ಯಾಟಿನ ಬದಲು ತಲೆಗೆ ರುಮಾಲು, ಬಾಯಲ್ಲಿ ನಮ್ಮ ಹಾಡು. ಅತ್ತ ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ಸಂಘ ಮಾಡಿದರು. ಅವರ ಹುಡುಗರು ಕಲಿತದ್ದನ್ನು ಎಲ್ಲಿ ಬಳಸಿದರು ಗೊತ್ತಾ? ಮೇಳಗಳಲ್ಲಿ. ಗಂಗೆಯ ದಂಡೆಗೆ ಬರುವ ಯಾತ್ರಿಕರ ನಡುವೆ. ದಾರಿ ತಪ್ಪಿದವರನ್ನು ಹುಡುಕುವುದು, ಬಿದ್ದವರನ್ನು ಎತ್ತುವುದು, ನೀರು ಕೊಡುವುದು. ಅಲ್ಲಿ ಮುತ್ತಿಗೆಗೆ ಅಂತ ಹುಟ್ಟಿದ ವಿದ್ಯೆ ಇಲ್ಲಿ ಜಾತ್ರೆಗೆ ಬಂತು. ಇದು ನಮ್ಮ ಹಿರಿಯರು ಮಾಡಿದ ದೊಡ್ಡ ಕೆಲಸ ಅಂತ ನಾನು ಮನಸಾರೆ ನಂಬಿದ್ದೇನೆ.

ನಮ್ಮೂರಲ್ಲಿ ಕನಕ ದುರ್ಗಮ್ಮನ ಸಿಡಿಬಂಡಿ ಜಾತ್ರೆ ಆಗುತ್ತದಲ್ಲ, ಅದಕ್ಕೆ ನಮ್ಮ ಹುಡುಗರನ್ನು ಸೇವೆಗೆ ಕರೆದುಕೊಂಡು ಹೋಗುತ್ತೇನೆ. ಬಳ್ಳಾರಿ ಬಿಸಿಲು ಆಗ ತಾನೇ ಕಣ್ಣು ಬಿಡುತ್ತಿರುತ್ತದೆ. ಕೆಲವು ವರ್ಷದ ಹಿಂದೆ ಮೋಕಾ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ನೂಕುನುಗ್ಗಲಿನಲ್ಲಿ ಕೈಯೂರಿ ಬಿದ್ದರು. ಮಣಿಕಟ್ಟು ನೋಡನೋಡುತ್ತಾ ಊದಿತು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಪಟ್ರೋಲ್ ಲೀಡರ್, ಅಂದರೆ ದಳದ ಒಂದು ಸಣ್ಣ ಗುಂಪಿನ ನಾಯಕ, ಅವರ ಪಕ್ಕ ಕೂತಾಗಿತ್ತು. ಪಕ್ಕದ ಮಂಡಕ್ಕಿ ಅಂಗಡಿಯಿಂದ ಒಂದು ಹಳೇ ಪೇಪರ್ ಇಸ್ಕೊಂಡ. ದಪ್ಪಗೆ ಮಡಚಿ ಮುಂಗೈ ಕೆಳಗೆ ಇಟ್ಟು, ಎರಡು ಕರ್ಚೀಫಿನಲ್ಲಿ ಕಟ್ಟಿದ. ಕತ್ತಿನ ಸ್ಕಾರ್ಫ್ ಬಿಚ್ಚಿ ಜೋಳಿಗೆ ಮಾಡಿದ. ಅಂಗೈ ಮೊಣಕೈಗಿಂತ ಸ್ವಲ್ಪ ಮೇಲೆ ಇರಬೇಕು, ಇಟ್ಟ. ಗಂಟು ಕತ್ತಿನ ಮೂಳೆಗೆ ಒತ್ತಬಾರದು, ಪಕ್ಕಕ್ಕೆ ಸರಿಸಿದ. ರೀಫ್ ನಾಟ್ ಹಾಕಿದ. ಅದು ಚಪ್ಪಟೆಯಾಗಿ ಕೂರುತ್ತದೆ, ಚುಚ್ಚುವುದಿಲ್ಲ. ಕೈ ಒಂಚೂರೂ ನಡುಗಲಿಲ್ಲ. ಬಾಯಿ ಮಾತ್ರ, “ಅಜ್ಜಿ, ನೋಯ್ತದಾ? ಸ್ವಲ್ಪ ತಡ್ಕೋ, ಆಯ್ತು” ಅನ್ನುತ್ತಲೇ ಇತ್ತು.

ಸ್ಕಾರ್ಫ್ ಮೂರು ಮೂಲೆಯ ಬಟ್ಟೆ ಯಾಕೆ ಅಂತ ಆವತ್ತು ಉಳಿದ ಹುಡುಗರಿಗೆ ನಾನು ಪಾಠ ಮಾಡಬೇಕಾಗಲಿಲ್ಲ.

ಒಂದು ವರ್ಷ ಗಣರಾಜ್ಯೋತ್ಸವಕ್ಕೆ, ಹುಡುಗರ ಕೈಗೆ ಮರದ ಬಂದೂಕು ಕೊಟ್ಟು ನಡೆಸಿ, ನೋಡೋಕೆ ಗತ್ತಾಗಿರುತ್ತದೆ ಅಂತ ಊರಿನ ಹಿರಿಯರೊಬ್ಬರು ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ. ನಾಲ್ಕು ಕೋಲು, ನಾಲ್ಕು ಹಳೇ ಅಂಗಿ ತಂದೆವು. ಅಂಗಿಯ ತೋಳು ಒಳಕ್ಕೆ ಮಗುಚಿ, ಗುಂಡಿ ಹಾಕಿ, ತೋಳಿನೊಳಗೆ ಕೋಲು ತೂರಿಸಿದರೆ ಸ್ಟ್ರೆಚರ್ ಆಗುತ್ತದೆ. ಎರಡು ಸ್ಟ್ರೆಚರ್ ಮೇಲೆ ದಳದ ಇಬ್ಬರು ಪುಟ್ಟ ಹುಡುಗರನ್ನು ಮಲಗಿಸಿಕೊಂಡು ಮೈದಾನ ಸುತ್ತಿದೆವು. ಜನ ಎದ್ದು ನಿಂತು ನೋಡಿದರು.

ಎರಡನೇ ಮಹಾಯುದ್ಧದ ಒಂದು ವಿಷಯವನ್ನೂ ಹೇಳಬೇಕು. ಜರ್ಮನಿಯಲ್ಲಿ ಹಿಟ್ಲರ್ ಸ್ಕೌಟನ್ನು ನಿಷೇಧಿಸಿದ. ಕ್ಯಾಂಪು, ಹಾಡು, ಸ್ಕಾರ್ಫು ಎಲ್ಲವನ್ನೂ ತನ್ನ ಯುವದಳಕ್ಕೆ ತೆಗೆದುಕೊಂಡು, ಕೊನೆಗೆ ಆ ಮಕ್ಕಳ ಕೈಗೆ ಬಂದೂಕು ಕೊಟ್ಟು ಕಾಳಗಕ್ಕೆ ನೂಕಿದ. ಜರ್ಮನಿ ಹಿಡಿದುಕೊಂಡಿದ್ದ ಪೋಲೆಂಡಿನಲ್ಲಿ ಸ್ಕೌಟ್‌ಗಳು ಗುಟ್ಟಾಗಿ ದಳ ಕಟ್ಟಿದರು. ದೊಡ್ಡವರು ಹೋರಾಟಕ್ಕೆ ಇಳಿದರು. ಹನ್ನೆರಡರಿಂದ ಹದಿನಾಲ್ಕರ ಹುಡುಗರನ್ನು ಕಾಳಗದಿಂದ ಆಚೆಗೆ ಇಟ್ಟರು. 1944ರಲ್ಲಿ ಅಲ್ಲಿನ ರಾಜಧಾನಿ ವಾರ್ಸಾ ದಂಗೆ ಎದ್ದಾಗ ಆ ಚಿಕ್ಕವರು ಅಂಚೆ ನಡೆಸಿದರು. ಒಂದು ಕಾಗದಕ್ಕೆ 25 ಪದ, ಅದಕ್ಕಿಂತ ಹೆಚ್ಚಿಲ್ಲ. ಬದುಕಿದ್ದೇನೆ, ಅಮ್ಮ ಎಲ್ಲಿದ್ದಾಳೆ ಅಂತ ತಿಳಿಸಲು ಅಷ್ಟು ಸಾಕು. ದುಡ್ಡು ತೆಗೆದುಕೊಳ್ಳಲಿಲ್ಲ. ಅದರಲ್ಲೂ ಅಪಾಯ ಇದ್ದೇ ಇತ್ತು. ಊರೇ ಉರಿಯುವಾಗ ಮಕ್ಕಳನ್ನು ಎಲ್ಲಿ ಬಚ್ಚಿಡೋದು?

ಮತ್ತೆ ನಮ್ಮ ಕುಂಜ್ರು ಅವರ ವಿಷಯಕ್ಕೆ ಬರುತ್ತೇನೆ. ದೇಶಕ್ಕೆ ಕೆಡೆಟ್ ಪಡೆ ಹೇಗಿರಬೇಕು ಅಂತ ಹೇಳಲು 1946ರಲ್ಲಿ ಒಂದು ಸಮಿತಿ ಆಯಿತು. ಅದರ ಅಧ್ಯಕ್ಷರು ಇದೇ ಕುಂಜ್ರು. ಅದರ ಫಲವಾಗಿ 1948ರಲ್ಲಿ ಎನ್‌ಸಿಸಿ ಬಂತು. 1950ರ ನವೆಂಬರ್ 7ರಂದು ಬೇರೆ ಬೇರೆ ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಅದರ ಮೊದಲ ರಾಷ್ಟ್ರೀಯ ಆಯುಕ್ತರೂ ಇದೇ ಕುಂಜ್ರು. ಸೈನ್ಯದ ದಾರಿ ಬೇಕಾದವರಿಗೆ ಒಂದು ಮನೆ, ಸೇವೆಯ ದಾರಿಗೆ ಇನ್ನೊಂದು. ಬೇಕಿದ್ದರೆ ಎರಡನ್ನೂ ಒಂದೇ ಸೂರಿನಡಿ ತರಬಹುದಿತ್ತು. ತರಲಿಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಕಳೆದ ಜೂನ್‌ನಲ್ಲಿ ಒಬ್ಬ ತಾಯಿ ಇದನ್ನೆಲ್ಲ ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದರು. “ನಾಳೆ ಯುದ್ಧ ಬಂದ್ರೆ ಇವ್ರನ್ನ ಕರೀತಾರಾ ಸರ್?” ಮಕ್ಕಳನ್ನು ಯಾರೇ ಕರೆದರೂ ಮೊದಲು ಅಡ್ಡ ನಿಲ್ಲಬೇಕಾದವನು ಸ್ಕೌಟ್ ಮಾಸ್ಟರ್, ನಾನು ನಿಲ್ಲುತ್ತೇನಮ್ಮಾ, ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಯಾವ ವಾರ, ಎಷ್ಟೊತ್ತಿಗೆ ಕಳಿಸಲಿ ಅಂತ ಕೇಳಿದರು.

ಶನಿವಾರ, ಶಾಲೆ ಬಿಟ್ಟ ಮೇಲೆ. ಊಟ ಮಾಡಿ ಬರಲಿ. ಎರಡು ಗಜ ಹಗ್ಗ ತರಲಿ, ತೆಂಗಿನ ನಾರಿಂದು ಬೇಡ, ಹತ್ತಿದು. ದೊಡ್ಡ ನೀರಿನ ಬಾಟಲಿ ಇರಲಿ, ನಮ್ಮೂರ ಬಿಸಿಲು ಗೊತ್ತಲ್ಲ.