ನೆಗೆವ್ ಪ್ರದೇಶದ ಎರಡು ಯಜ್ಞವೇದಿಗಳು

ಜೆರುಸಲೇಮಿನ ಯೆಹೂದ್ಯ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ನೆಲಸಮ ಮಾಡಿದ್ದರಿಂದ ಅಲ್ಲಿನ ಯಜ್ಞವೇದಿಯನ್ನು ಇಂದು ಕಾಣುವಂತಿಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬಲಿಯ ವಿಧಿಗಳನ್ನು ಹೇಳುವ ಯಾಜಕಕಾಂಡದಲ್ಲಿ ಓದಿದ ಬಲಿಗಳು ಎಂಥ ಜಾಗದಲ್ಲಿ ನಡೆಯುತ್ತಿದ್ದವೆಂದು ತಿಳಿಯಬೇಕಾದರೆ ದಕ್ಷಿಣಕ್ಕೆ, ಇಸ್ರೇಲಿನ ಮರುಭೂಮಿಯಾದ ನೆಗೆವ್ ಪ್ರದೇಶಕ್ಕೆ ಇಳಿಯಬೇಕು.

ಮೊದಲು ಹೋದದ್ದು ಪ್ರಾಚೀನ ಊರು ಹೂತಿರುವ ಬೇರ್ಷೆಬದ ದಿಬ್ಬಕ್ಕೆ. ಅದರ ಪ್ರವೇಶದ ಬಳಿ ನಾಲ್ಕು ಮೂಲೆಗಳಲ್ಲಿ ಕೊಂಬಿನಂತೆ ಚಾಚಿದ ಕಲ್ಲುಗಳಿರುವ ಯಜ್ಞವೇದಿಯ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ. ಮೂಲದ ಕಲ್ಲುಗಳು 1973ರಲ್ಲಿ ಉಗ್ರಾಣವೊಂದರ ಗೋಡೆಯೊಳಗೆ ಸಿಕ್ಕಿದವು. ಯಾರೋ ವೇದಿಯನ್ನು ಬಿಚ್ಚಿ, ಅದರ ಕಲ್ಲುಗಳನ್ನು ಮಾಮೂಲಿ ಕಟ್ಟಡಕ್ಕೆ ಬಳಸಿಕೊಂಡಿದ್ದರು. ಉನ್ನತ ಸ್ಥಳಗಳ, ಅಂದರೆ ಜೆರುಸಲೇಮಿನ ಹೊರಗಿನ ಪೂಜಾಸ್ಥಳಗಳ ಪೂಜೆಯನ್ನು ನಿಲ್ಲಿಸಿದ ಯೆಹೂದ ರಾಜ್ಯದ ಅರಸ ಹಿಜ್ಕೀಯನ ಸುಧಾರಣೆಗೆ ಇದನ್ನು ಹಲವು ವಿದ್ವಾಂಸರು ಜೋಡಿಸುತ್ತಾರೆ. ಬೈಬಲಿನ ಇನ್ನೊಂದು ಗ್ರಂಥವಾದ ವಿಮೋಚನಕಾಂಡವು ವೇದಿಗೆ ಕೆತ್ತಿದ ಕಲ್ಲು ಕೂಡದೆನ್ನುತ್ತದೆ, ಇಲ್ಲಿನ ಕಲ್ಲುಗಳಾದರೋ ನೀಟಾಗಿ ಕೆತ್ತಿದವು, ಒಂದರ ಮೇಲೆ ಹಾವಿನ ರೇಖಾಚಿತ್ರವೂ ಇದೆ. ಗ್ರಂಥದ ವಿಧಿಯೂ ಊರಿನ ರೂಢಿಯೂ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ.

ಅಲ್ಲಿಂದ ಪೂರ್ವಕ್ಕಿರುವ ತೆಲ್ ಅರಾದ್ ಈ ಪ್ರವಾಸದ ತಿರುಳು. ಪುರಾತತ್ತ್ವಜ್ಞ ಯೊಹಾನನ್ ಅಹರೋನಿ 1960ರ ದಶಕದಲ್ಲಿ ಅಗೆದು ತೆಗೆದ ಈ ಕೋಟೆಯ ಒಂದು ಮೂಲೆಯಲ್ಲಿ ಸಣ್ಣ ದೇಗುಲವಿದೆ. ಅಂಗಳದಲ್ಲಿ ಕೆತ್ತದ ಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ವೇದಿ. ಅದರಾಚೆ ಒಂದು ಅಗಲ ಕೋಣೆ. ಪಶ್ಚಿಮದ ಗೋಡೆಯಲ್ಲಿ ಮೆಟ್ಟಿಲೇರಿ ಹೋಗುವ ಗರ್ಭಗೃಹದಂಥ ಗೂಡು. ವೇದಿಯ ಪ್ರತಿ ಬದಿಯೂ ಹೆಚ್ಚುಕಡಿಮೆ ಎರಡೂವರೆ ಮೀಟರ್ ಇದ್ದು, ವಿಮೋಚನಕಾಂಡ ಹೇಳುವ ಐದು ಮೊಳದ ಅಳತೆಗೆ ಹತ್ತಿರವಾಗಿದೆ. ಅದರ ಮೇಲ್ಭಾಗದಲ್ಲಿ ಚಕಮಕಿ ಕಲ್ಲಿನ ಚಪ್ಪಡಿಯನ್ನೂ ಸುತ್ತ ಗಾರೆಯ ಕಾಲುವೆಗಳನ್ನೂ ಉತ್ಖನನಕಾರರು ಗುರುತಿಸಿ, ಅವು ರಕ್ತ ಹರಿದುಹೋಗಲು ಇದ್ದವೆಂದು ವಿವರಿಸಿದ್ದಾರೆ.

ಆ ಅಂಗಳದಲ್ಲಿ ನಿಂತಾಗ ಯಾಜಕಕಾಂಡದ ವಿಧಿಗಳು ಬೇರೆಯಾಗಿ ಕಾಣತೊಡಗುತ್ತವೆ. ಪಶುವಿನ ತಲೆಯ ಮೇಲೆ ಕೈಯಿಟ್ಟು ಅದನ್ನು ವಧಿಸುವವನು ತಂದ ಮನುಷ್ಯನೇ. ಯಾಜಕನ ಕೆಲಸ ಶುರುವಾಗುವುದು ರಕ್ತದಿಂದ. ಪ್ರಾಣವು ರಕ್ತದಲ್ಲಿದೆ, ಆದ್ದರಿಂದ ಅದು ವೇದಿಗೆ ಸೇರಬೇಕು, ಯಾರೂ ಅದನ್ನು ತಿನ್ನಕೂಡದು ಎಂಬ ನಿಯಮಕ್ಕೆ ಆ ಕಾಲುವೆಗಳೇ ಭಾಷ್ಯ. ಸರ್ವಾಂಗಹೋಮದಲ್ಲಿ ಪಶು ಇಡಿಯಾಗಿ ಸುಟ್ಟುಹೋಗುತ್ತದೆ, ಚರ್ಮ ಮಾತ್ರ ಯಾಜಕನಿಗೆ. ಸಮಾಧಾನಯಜ್ಞದಲ್ಲಾದರೆ ಕೊಬ್ಬು ಬೆಂಕಿಗೆ, ಎದೆಯ ಭಾಗ ಮತ್ತು ಬಲತೊಡೆ ಯಾಜಕರಿಗೆ, ಉಳಿದದ್ದೆಲ್ಲ ತಂದವನ ಮನೆಮಂದಿಗೆ. ಕೃತಜ್ಞತೆಯ ಬಲಿಯಾದರೆ ಆ ಮಾಂಸವನ್ನು ಅಂದೇ ತಿಂದು ಮುಗಿಸಬೇಕು. ಹಂಚಿ ಉಣ್ಣದೆ ಒಬ್ಬ ಕುಟುಂಬಸ್ಥ ಒಂದೇ ದಿನದಲ್ಲಿ ಇಡೀ ಹೋರಿಯ ಮಾಂಸವನ್ನು ಮುಗಿಸುವುದುಂಟೆ?

ಪಶುವನ್ನು ಮನುಷ್ಯನ ಬದಲಿಗೆ ಶಿಕ್ಷಿಸುವುದೇ ಬಲಿಯ ಅರ್ಥವೆಂಬ ಪ್ರಚಲಿತ ವಿವರಣೆ ನನಗೆ ಸಾಲದೆನಿಸುವುದು ಇದೇ ಗ್ರಂಥದ ಇನ್ನೊಂದು ವಿಧಿಯಿಂದ. ದೋಷಪರಿಹಾರಕ್ಕೆ ಕುರಿ ತರಲಾಗದವನು ಎರಡು ಪಕ್ಷಿಗಳನ್ನು ತರಬಹುದು. ಅದಕ್ಕೂ ಗತಿಯಿಲ್ಲದವನು ಎಣ್ಣೆ, ಧೂಪ ಬೆರೆಸದ ಒಂದಿಷ್ಟು ಹಿಟ್ಟನ್ನು ತಂದರೆ ಸಾಕು, ಅವನಿಗೂ ಕ್ಷಮೆ ಉಂಟು. ಹಿಟ್ಟಿನಲ್ಲಿ ರಕ್ತವೂ ಇಲ್ಲ, ವಧೆಯೂ ಇಲ್ಲ. ಸಾವಿಗಿಂತ ಕೊಡುವವನ ಬದುಕಿನ ಒಂದು ಪಾಲು ದೇವರ ಮುಂದೆ ಬರುವುದೇ ಇಲ್ಲಿ ಮುಖ್ಯವಾಗಿರಬೇಕು.

ಗೂಡಿನ ಮೆಟ್ಟಿಲಲ್ಲಿ ಸಿಕ್ಕ ಎರಡು ಧೂಪವೇದಿಗಳ ಮೂಲವು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ, ಅರಾದಿನಲ್ಲಿರುವುದು ಪ್ರತಿಕೃತಿ. ಅವುಗಳ ಮೇಲಿನ ಕಪ್ಪು ಪದರದ ರಾಸಾಯನಿಕ ವಿಶ್ಲೇಷಣೆ 2020ರಲ್ಲಿ ಪ್ರಕಟವಾಯಿತು: ದೊಡ್ಡದರಲ್ಲಿ ಪ್ರಾಣಿಕೊಬ್ಬಿನೊಂದಿಗೆ ಧೂಪದ ಅಂಟು, ಚಿಕ್ಕದರಲ್ಲಿ ಸಗಣಿಯೊಂದಿಗೆ ಗಾಂಜಾ. ಧೂಪದ ಅಂಟು ಗ್ರಂಥದಲ್ಲಿ ಹೆಸರಾದ ವಸ್ತು, ದೂರದ ಅರೇಬಿಯಾ ಕಡೆಯಿಂದ ಬರುತ್ತಿದ್ದುದು. ಗಾಂಜಾ ಮಾತ್ರ ಯಾರೂ ನಿರೀಕ್ಷಿಸದ ಸಂಗತಿ. ಗಡಿಯ ಕೋಟೆಯೊಂದರ ದೇಗುಲದಲ್ಲಿ ನಡೆದದ್ದೆಲ್ಲವೂ ಜೆರುಸಲೇಮಿನ ಯಾಜಕರು ಬರೆದಿಟ್ಟ ಪಟ್ಟಿಯೊಳಗೆ ಇರಲಿಲ್ಲವೆಂಬುದಕ್ಕೆ ಬೇರ್ಷೆಬದ ಹಾವಿನ ಜೊತೆಗೆ ಇದು ಎರಡನೆಯ ಸಾಕ್ಷಿ.