ಊದದ ಸೀಟಿ, ಊದಿದ ಸೀಟಿ
ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವಾಗ ಒಂದು ಸಂಜೆ ನಾನು ಜೋರು ಜಗಳ ತೆಗೆದಿದ್ದೆ. ನಾನು ಎಸೆದ ಬಾಲ್ ರಿಂಗಿನ ಅಂಚಿನ ಮೇಲೆ ಗಿರಗಿರ ಸುತ್ತುತ್ತಿತ್ತು, ಇನ್ನೇನು ಒಳಗೆ ಬೀಳಬೇಕು, ಅಷ್ಟರಲ್ಲಿ ಎದುರು ಟೀಮಿನ ಉದ್ದನೆಯ ಹುಡುಗನೊಬ್ಬ ಹಾರಿ ಅದನ್ನು ಆಚೆ ತಟ್ಟಿಬಿಟ್ಟ. "ಸಾರ್, ಬ್ಯಾಸ್ಕೆಟ್ ಇಂಟರ್‌ಫಿಯರೆನ್ಸ್!" ಅಂತ ಕಿರುಚಿಕೊಂಡೆ, ಅಂದರೆ ಬುಟ್ಟಿಗೆ ಬೀಳೋ ಬಾಲಿಗೆ ಅಡ್ಡ ಬಂದ ಅಂತ. ರೆಫ್ರಿ ನನ್ನ ಕಡೆ ತಿರುಗಿಯೂ ನೋಡದೆ "ಆಡ್ರಪ್ಪಾ, ಆಡಿ" ಅಂದರು.

ತಪ್ಪು ನನ್ನದೇ. ನಾನು ಟಿವಿಯಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿ ನಿಯಮ ಕಲಿತವನು. ನಮ್ಮಲ್ಲಿ ಆಡುವುದು ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮದಲ್ಲಿ. ಅದರಲ್ಲಿ, ಆಟ ನಡೆಯುವಾಗ ಎಸೆದ ಬಾಲ್ ಒಮ್ಮೆ ರಿಂಗ್ ಮುಟ್ಟಿತು ಅಂದರೆ ಮುಗೀತು, ಯಾರು ಬೇಕಾದರೂ ತಟ್ಟಬಹುದು. ರಿಂಗು, ನೆಟ್ಟು, ಬೋರ್ಡು ಮಾತ್ರ ಮುಟ್ಟಬಾರದು, ಕೆಳಗಿನಿಂದ ನೆಟ್ಟಿನೊಳಗೆ ಕೈ ತೂರಿಸಬಾರದು.

ಅಮೆರಿಕದ ಎನ್‌ಬಿಎಯಲ್ಲಿ ಹಾಗಲ್ಲ. ಅಲ್ಲಿ ರಿಂಗಿನ ಮೇಲೆ ತಳವಿಲ್ಲದ ಒಂದು ಡ್ರಮ್ ನಿಲ್ಲಿಸಿದ ಹಾಗೆ ಅಂದುಕೊಳ್ಳಿ, ಕಣ್ಣಿಗೆ ಕಾಣದ ಡ್ರಮ್, 18 ಇಂಚು ಅಗಲ. ಬಾಲ್‌ನ ಒಂದಿಷ್ಟು ಭಾಗ ಆ ಡ್ರಮ್ಮಿನೊಳಗೆ ಇದ್ದರೂ ಸಾಕು, ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಇದು ಬ್ಯಾಸ್ಕೆಟ್ ಇಂಟರ್‌ಫಿಯರೆನ್ಸ್. ಗೋಲ್‌ಟೆಂಡಿಂಗ್ ಇದರ ಅಣ್ಣ: ಬುಟ್ಟಿಯ ಕಡೆ ಕೆಳಗಿಳಿಯುತ್ತಿರುವ ಬಾಲನ್ನು ತಡೆಯುವುದು, ಇಲ್ಲವೇ ರಿಂಗಿಗಿಂತ ಮೇಲೆ ಬೋರ್ಡಿಗೆ ಬಡಿದ ಬಾಲನ್ನು ಹೊಡೆಯುವುದು. ಕಾಪಾಡುವ ಟೀಮ್ ಮಾಡಿದರೆ ಪಾಯಿಂಟ್ ಬಿದ್ದ ಹಾಗೇ ಲೆಕ್ಕ. ಎಸೆದ ಟೀಮೇ ಮಾಡಿದರೆ ಪಾಯಿಂಟೂ ಇಲ್ಲ, ಬಾಲೂ ಇಲ್ಲ. (ಇದೆಲ್ಲ ಶುರುವಾಗಿದ್ದು ಜಾರ್ಜ್ ಮೈಕನ್, ಬಾಬ್ ಕರ್ಲಂಡ್ ಅನ್ನೋ ಇಬ್ಬರು ಆಜಾನುಬಾಹುಗಳಿಂದ. ರಿಂಗಿನ ಹತ್ತಿರ ನಿಂತು ಬರೋ ಬಾಲನ್ನೆಲ್ಲ ಸುಮ್ನೆ ಕಿತ್ತು ಹಾಕ್ತಿದ್ದರಂತೆ. 1944ರಲ್ಲಿ ಕಾಲೇಜು ಆಟದಲ್ಲಿ ಅದನ್ನು ನಿಲ್ಲಿಸಿದರು.)

ಓದೋಕೆ ಸುಲಭ. ಆದರೆ 2016ರ ಎನ್‌ಬಿಎ ಫೈನಲ್‌ನ ಏಳನೇ ಪಂದ್ಯ ನೆನಪಿಸಿಕೊಳ್ಳಿ, 89-89, ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿದೆ, ಗೋಲ್ಡನ್ ಸ್ಟೇಟ್‌ನ ಇಗ್ವಡಾಲಾ ಬುಟ್ಟಿಯ ಹತ್ತಿರ ಹೋಗಿ ಬಾಲ್ ಹಾಕಲು ಹೋದಾಗ ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಹಿಂದಿನಿಂದ ಓಡಿ ಬಂದು ಅದನ್ನು ಬೋರ್ಡಿಗೆ ಒತ್ತಿದ. ಕೈ ಮೊದಲೋ ಬೋರ್ಡ್ ಮೊದಲೋ? ಸ್ಲೋ ಮೋಷನ್‌ನಲ್ಲಿ ಕೈ ಮೊದಲು, ಅಂದರೆ ತಪ್ಪಲ್ಲ. ಆ ಕ್ಷಣಕ್ಕೆ ಬರಿಗಣ್ಣಲ್ಲಿ ಅದನ್ನು ಹೇಳಬೇಕಾದ ರೆಫ್ರಿ ಕೆಲಸ ನನಗಂತೂ ಬೇಡಪ್ಪಾ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಎರಡು ಪಂದ್ಯ. ಎರಡೂ 2020ರ ಫೆಬ್ರವರಿಯದ್ದು, ನಡುವೆ ಹದಿನೈದೇ ದಿನ.

ಮೊದಲನೆಯದು 7ನೇ ತಾರೀಖು, ನಮಗೆ ಶನಿವಾರ ಬೆಳಿಗ್ಗೆ. ಪೋರ್ಟ್‌ಲ್ಯಾಂಡ್ ಟೀಮು ಯೂಟಾಗಿಂತ ಎರಡು ಪಾಯಿಂಟ್ ಹಿಂದಿದೆ, ಉಳಿದಿರೋದು ಕೆಲವೇ ಸೆಕೆಂಡು. ಅವರ ಡೇಮಿಯನ್ ಲಿಲ್ಲರ್ಡ್ ನುಗ್ಗಿ ಬಾಲನ್ನು ಬೋರ್ಡಿಗೆ ಬಿಟ್ಟ. ಅದು ಬೋರ್ಡಿಗೆ ಬಡಿದ ಮೇಲೆ ಯೂಟಾದ ರೂಡಿ ಗೋಬೇರ್ ಹೊಡೆದು ಹಾಕಿದ. ಮನೆಯಲ್ಲಿ ಕೂತ ನನಗೇ ಕಂಡಿತು. ಸೀಟಿ ಮಾತ್ರ ಊದಲಿಲ್ಲ. ಯೂಟಾ 117-114ರಲ್ಲಿ ಗೆದ್ದಿತು. 42 ಪಾಯಿಂಟ್ ಹೊಡೆದಿದ್ದ ಲಿಲ್ಲರ್ಡ್ ಕೆಂಡಾಮಂಡಲ. ಪಂದ್ಯ ಮುಗಿದ ಮೇಲೆ ವಿಡಿಯೋ ನೋಡಿ ರೆಫ್ರಿಗಳೇ ತಪ್ಪಾಯಿತು ಅಂತ ಒಪ್ಪಿದರು. ಹಾಗಾದರೆ ಆಗಲೇ ಯಾಕೆ ನೋಡಲಿಲ್ಲ? ನಿಯಮ ಹಾಗಿತ್ತು. ಸೀಟಿ ಊದಿ ಗೋಲ್‌ಟೆಂಡಿಂಗ್ ಅಂದಿದ್ದರೆ ಮಾತ್ರ ಮರುಪರಿಶೀಲನೆ. ಊದದೇ ಇದ್ದರೆ ನೋಡೋಕೆ ಏನೂ ಇಲ್ಲ!

ಅನುಮಾನ ಬಂದರೆ ಊದಿಬಿಡಲಿ, ಆಮೇಲೆ ನೋಡಿ ಸರಿ ಮಾಡಲಿ ಅಂತ ಅವತ್ತು ಗೆಳೆಯನ ಹತ್ತಿರ ವಾದ ಮಾಡಿದ್ದೆ. 22ನೇ ತಾರೀಖು ಆ ವಾದಕ್ಕೂ ನೀರು ಬಿತ್ತು. ಅಟ್ಲಾಂಟಾದಲ್ಲಿ ಡಲ್ಲಾಸ್ ಆಡುತ್ತಿತ್ತು. ಅಟ್ಲಾಂಟಾದ ಟ್ರೇ ಯಂಗ್ ಎಸೆದ ಬಾಲನ್ನು ಡಲ್ಲಾಸ್‌ನ ಫಿನ್ನಿ-ಸ್ಮಿತ್ ತಡೆದ. ಗೋಲ್‌ಟೆಂಡಿಂಗ್ ಅಂತ ಸೀಟಿ. ಸೀಟಿಯ ಹೊತ್ತಿಗೇ ಅಟ್ಲಾಂಟಾದ ಜಾನ್ ಕಾಲಿನ್ಸ್ ಚಿಮ್ಮಿ ಬಂದ ಬಾಲ್ ಹಿಡಿದು ಬುಟ್ಟಿಗೆ ಹಾಕಿದ. ವಿಡಿಯೋ ನೋಡಿದರು. ಗೋಲ್‌ಟೆಂಡಿಂಗ್ ಅಲ್ಲ ಅಂದರು. ಸರಿ, ಪಾಯಿಂಟ್ ಇಲ್ಲ ತಾನೇ? ಇದೆ! ಸೀಟಿ ಊದುವ ಮೊದಲೇ ಕಾಲಿನ್ಸ್ ಎಸೆಯಲು ಶುರು ಮಾಡಿದ್ದ, ಆದ್ದರಿಂದ ಅವನ ಎರಡು ಪಾಯಿಂಟ್ ಲೆಕ್ಕಕ್ಕೆ ಅಂತ ತೀರ್ಮಾನ. ಅಂದರೆ ತಡೆದದ್ದು ತಪ್ಪಲ್ಲ, ಆದರೂ ಅಟ್ಲಾಂಟಾಕ್ಕೆ ಎರಡು ಪಾಯಿಂಟ್. 111-107ರಲ್ಲಿ ಗೆದ್ದರು. ಸೀಟಿ ಕೇಳಿದ ಮೇಲೆ ಯಾರು ತಾನೇ ಜೀವ ಬಿಟ್ಟು ಹಾರುತ್ತಾರೆ, ಅಲ್ವಾ?

ಡಲ್ಲಾಸ್‌ನ ಆಗಿನ ಮಾಲೀಕ ಮಾರ್ಕ್ ಕ್ಯೂಬನ್ ರೆಫ್ರಿಗಳನ್ನು ಝಾಡಿಸಿದ್ದೇ ಝಾಡಿಸಿದ್ದು. ಟೀಮ್ ಅಧಿಕೃತವಾಗಿ ದೂರು ಕೊಟ್ಟಿತು. ಮಾರ್ಚ್‌ನಲ್ಲಿ ಲೀಗ್ ದೂರನ್ನು ತಳ್ಳಿಹಾಕಿ, ಕ್ಯೂಬನ್‌ಗೆ 5 ಲಕ್ಷ ಡಾಲರ್ ದಂಡ ಹಾಕಿತು. ಇಂಥ ದೂರು ಗೆಲ್ಲೋದೇ ಅಪರೂಪ. 2007ರ ಡಿಸೆಂಬರ್‌ನಲ್ಲಿ ಮಯಾಮಿಯ ಆಟಗಾರ ಶಾಕ್‌ನ ಫೌಲ್ ಲೆಕ್ಕ ತಪ್ಪಿ ಬರೆದು ಅವನನ್ನು ಆಚೆ ಕಳಿಸಿದ್ದಕ್ಕೆ ಮಯಾಮಿ ಕೊಟ್ಟ ದೂರು ಗೆದ್ದಿತ್ತು, ಕೊನೆಯ 51.9 ಸೆಕೆಂಡನ್ನು ಮುಂದಿನ ಮಾರ್ಚ್‌ನಲ್ಲಿ ಮತ್ತೆ ಆಡಿಸಿದರು. ಅಷ್ಟರಲ್ಲಿ ಶಾಕ್ ಬೇರೆ ಟೀಮ್ ಸೇರಿಬಿಟ್ಟಿದ್ದ. ಎಣಿಕೆ ತಪ್ಪಿದರೆ ಕೇಳುತ್ತಾರೆ, ಕಣ್ಣು ತಪ್ಪಿದರೆ ಕೇಳಲ್ಲ.

ಅಟ್ಲಾಂಟಾ ಪಂದ್ಯ ಮುಗಿದ ಮೇಲೆ ಗೆಳೆಯ ಫೋನ್ ಮಾಡಿ "ಏನಪ್ಪಾ, ಊದಿಬಿಡಲಿ ಅಂದಿದ್ದೆ?" ಅಂತ ನಕ್ಕ. ನಾನು ಮಾತು ಬದಲಾಯಿಸಿ ತಿಂಡಿ ಆಯ್ತಾ ಅಂತ ಕೇಳಿದೆ.