ಬಾಯ್ಸಿಯಲ್ಲೊಬ್ಬ ಸೀಸದ ಮಡಿಯ ಅಜ್ಜ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂದು ಕೇಪಿನ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಟೋಪಿಯ) ಕೋವಿ ಇತ್ತು. ತೋಟಕ್ಕೆ ಬರುವ ಮಂಗಗಳನ್ನು ಬೆದರಿಸಿದ್ದಕ್ಕಿಂತ, ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಯಲ್ಲಿ ಠೇವಣಿ ಕುಳಿತದ್ದೇ ಹೆಚ್ಚು. ಹಾಗೆ ಬೆಳೆದವನಿಗೆ ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿ ಪಕ್ಕದ ಮನೆಯ ಅಜ್ಜ ಗ್ಯಾರೇಜಿನಲ್ಲಿ ಸೀಸ ಕರಗಿಸಿ ರಿವಾಲ್ವರಿನ ಗುಂಡು ಎರಕ ಹೊಯ್ಯುವುದನ್ನು ಕಂಡಾಗ ಎದೆ ಧಸಕ್ಕೆಂದಿತು. ಇಲ್ಲಿ ಅದು ಉಪ್ಪಿನಕಾಯಿ ಹಾಕಿದಷ್ಟು ಸಹಜ. ಸ್ವಂತ ಬಳಕೆಗಾದರೆ ಫೆಡರಲ್ ಕಾನೂನು ಪರವಾನಗಿ ಕೇಳುವುದಿಲ್ಲ. ಮಾರಾಟದ ದಂಧೆಗೆ ಇಳಿದರೆ ಬೇಕು. ಆದರೆ ಕೆಲಸದ ವೀಸಾದಲ್ಲಿರುವವರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ. ಬರಿಯ ಸೀಸದ ಗುಂಡೂ ಕಾನೂನಿನ ಲೆಕ್ಕದಲ್ಲಿ ಮದ್ದುಗುಂಡೇ. ಗ್ರೀನ್ ಕಾರ್ಡ್ ಬರುವವರೆಗೆ ನಾನು ಬಾಗಿಲ ಬಳಿ ನಿಂತು ನೋಡಿದ್ದಷ್ಟೇ.

ಅಜ್ಜನ ಸೀಸ ಬರುತ್ತಿದ್ದುದು ಟೈರ್ ಅಂಗಡಿಗಳಿಂದ. ಚಕ್ರದ ಸಮತೋಲಕ್ಕೆ ಅಂಚಿಗೆ ಸಿಕ್ಕಿಸುವ ಹಳೆಯ ತೂಕದ ತುಂಡುಗಳಲ್ಲಿ ಸೀಸದ ಜೊತೆ ಸ್ವಲ್ಪ ಆಂಟಿಮನಿ ಇರುತ್ತದೆ. ಗುಂಡು ಗಟ್ಟಿಯಾಗುವುದು ಅದರಿಂದಲೇ. ಈಗ ಅಂಗಡಿಯವರು ಕೊಡುವ ಡಬ್ಬಿಯಲ್ಲಿ ಉಕ್ಕು ಮತ್ತು ಸತುವಿನ ತುಂಡುಗಳೇ ಜಾಸ್ತಿ. ಸತು ಬೆರೆತರೆ ಎರಕವೆಲ್ಲ ಹಾಳು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು 419ಕ್ಕೆ. ಆದ್ದರಿಂದ ಉರಿಯನ್ನು ಹದದಲ್ಲಿಟ್ಟು, ಕರಗದೆ ತೇಲುವ ಸತುವನ್ನು ಜಾಲರಿ ಸೌಟಿನಿಂದ ಎತ್ತಿ ಬಿಸಾಡುತ್ತಾನೆ. ಅಚ್ಚು ಚೆನ್ನಾಗಿ ತುಂಬಲೆಂದು ಚೂರು ತವರ ಹಾಕುತ್ತಾನೆ. ತವರ ಮಿನುಗುತ್ತ ಸೀಸದಲ್ಲಿ ಇಳಿಯುವಾಗ ನನಗೆ ನಮ್ಮೂರಿನ ಕಲಾಯಿಯವನ ತಿದಿ, ನವಸಾಗರದ ಹೊಗೆ ನೆನಪಾಗುತ್ತಿತ್ತು.

ಅಚ್ಚು ಕಾಯದೆ ಹೊಯ್ದ ಮೊದಲ ನಾಲ್ಕೈದು ಗುಂಡುಗಳು, ಕಾವಲಿ ಕಾಯದೆ ಹೊಯ್ದ ದೋಸೆಯಂತೆ, ಮುಖ ಸುಕ್ಕಿಸಿಕೊಂಡು ಬರುತ್ತವೆ. ಅವು ಮತ್ತೆ ಪಾತ್ರೆಗೆ. ಸರಿಯಾಗಿ ಬಂದದ್ದು ಸುಮಾರು ಹತ್ತು ಗ್ರಾಂ ತೂಗುತ್ತದೆ, 158 ಗ್ರೇನ್. ಅಡ್ಡಳತೆ 0.358 ಇಂಚು, ಅದೇ ರಿವಾಲ್ವರಿಗೆ ತಾಮ್ರದ ಹೊದಿಕೆಯ ಗುಂಡಾದರೆ 0.357. ಕೂದಲೆಳೆಗಿಂತ ಕಡಿಮೆಯ ಈ ವ್ಯತ್ಯಾಸದಲ್ಲೇ ಇಡೀ ವಿದ್ಯೆ ಇದೆ. ಸೀಸದ ಗುಂಡು ನಳಿಗೆಯಲ್ಲಿ ಸಡಿಲವಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಅದರ ಬುಡವನ್ನು ಕರಗಿಸುತ್ತದೆ, ನಳಿಗೆಯ ಒಳಗೆಲ್ಲ ಸೀಸ ಮೆತ್ತಿಕೊಳ್ಳುತ್ತದೆ. ಗುಂಡಿನ ಸುತ್ತಲ ಸಣ್ಣ ತೋಡಿನಲ್ಲಿ ಜೇನುಮೇಣದ ಮಿಶ್ರಣ ತುಂಬುವುದೂ ಇದನ್ನು ತಪ್ಪಿಸಲಿಕ್ಕೆ. ಮದ್ದಿನ ಅಳತೆಗೆ ಮಾತ್ರ ಅಜ್ಜ ಎಂದೂ ನೆನಪನ್ನು ನಂಬಿದವನಲ್ಲ. ಪ್ರತಿ ಸಲ ಕೈಪಿಡಿ ತೆರೆದು, ಬೆರಳಿಟ್ಟು ಓದಿ, ತೂಗಿ ಹಾಕುತ್ತಾನೆ.

ಗ್ಯಾರೇಜಿನ ಚಾವಣಿಗೆ ಬೆಳ್ಳಿಯ ಹನಿಗಳಂತೆ ಸೀಸ ಅಂಟಿಕೊಂಡಿದೆ. ಹಿಂದೊಮ್ಮೆ ಒದ್ದೆಯಾದ ತುಂಡೊಂದನ್ನು ಕಾದ ಪಾತ್ರೆಗೆ ಹಾಕಿದ್ದನಂತೆ. ನೀರು ಕ್ಷಣದಲ್ಲಿ ಆವಿಯಾಗಿ ಸಿಡಿದು ಸೀಸವನ್ನೆಲ್ಲ ಮೇಲಕ್ಕೆಸೆದಿತ್ತು. ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು. ಅಂದಿನಿಂದ ಬೇಸಿಗೆಯಲ್ಲಿ ಹಣೆಗೆ ಬಟ್ಟೆ ಕಟ್ಟಿಕೊಂಡೇ ಕೂರುತ್ತಾನೆ, ಬೆವರಿನ ಹನಿ ಬೀಳದಿರಲೆಂದು.

ಆದರೆ ಅವನಿಗೆ ನಿಜವಾದ ಭಯ ಸಿಡಿತದ್ದಲ್ಲ, ಬೂದುಬಣ್ಣದ ಧೂಳಿನದ್ದು. ಈ ಉರಿಯಲ್ಲಿ ಸೀಸ ಆವಿಯಾಗುವುದು ಅತಿ ಕಡಿಮೆ. ಮೇಲೆ ಕಟ್ಟುವ ಕಿಟ್ಟದ ಪುಡಿ, ಹಾರಿಸಿದ ತೋಟಾಗಳ ಖಾಲಿ ಚಿಪ್ಪುಗಳನ್ನು ಮರುಬಳಕೆಗೆ ಉಜ್ಜುವಾಗ ಏಳುವ, ಸೀಸ ಬೆರೆತ ಕೇಪಿನ ಮಸಿ, ಇವು ಬೆರಳಿನಿಂದ ಬಾಯಿಗೆ ಹೋಗುತ್ತವೆ. ಅದಕ್ಕೇ ಗ್ಯಾರೇಜಿನೊಳಗೆ ಕಾಫಿ ಇಲ್ಲ, ಬಿಸ್ಕತ್ತು ಇಲ್ಲ. ಕೆಲಸದ ಬಟ್ಟೆ, ಬೂಟು ಒಳಮನೆಗೆ ಬರುವಂತಿಲ್ಲ. ಬಟ್ಟೆ ಬೇರೆಯಾಗಿಯೇ ಒಗೆಯಬೇಕು. ಮೊಮ್ಮಕ್ಕಳಿಗೆ ಹೊಸ್ತಿಲಾಚೆ ಪ್ರವೇಶವಿಲ್ಲ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಇಲ್ಲಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೇ ವೈದ್ಯರು ಎಚ್ಚರಗೊಳ್ಳುತ್ತಾರೆ. ಅವನೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾನೆ. ಮಡಿ ಸೀರೆ ಉಟ್ಟು ನಮ್ಮನ್ನೆಲ್ಲ ದೂರ ಸರಿಸುತ್ತಿದ್ದ ನನ್ನ ಅಜ್ಜಿ ಇವನನ್ನು ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದಳು.

ಇದನ್ನೆಲ್ಲ ಹೇಳಲು ಒಂದು ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪ ಜಗಲಿಯಲ್ಲಿ ಕುಳಿತು ಅಂಗೈಯಲ್ಲಿ ಸೀಸದ ಸಣ್ಣ ಗುಂಡುಗಳಾದ ಚರೆ ಎಣಿಸಿ ಕೋವಿಗೆ ಈಡು ತುಂಬಿ, ಅದೇ ಬೆರಳಲ್ಲಿ ಎಲೆಗೆ ಸುಣ್ಣ ಹಚ್ಚಿ ಕವಳ ಹಾಕುತ್ತಿದ್ದುದು ಕಣ್ಣಿಗೆ ಕಟ್ಟಿತ್ತು. ಈಗ ಅಪ್ಪನೂ ಇಲ್ಲ, ಕೋವಿಯನ್ನೂ ಒಪ್ಪಿಸಿಯಾಗಿದೆ.

“ಅಮ್ಮಾ, ಅಪ್ಪ ಚರೆ ಇಡುತ್ತಿದ್ದ ತಗಡಿನ ಡಬ್ಬಿ ಇನ್ನೂ ಅಟ್ಟದ ಮೇಲಿದ್ದರೆ ಮುಟ್ಟಬೇಡ, ಹಾಗೆಯೇ ಬಿಡು” ಎಂದೆ.

“ಅದೆಲ್ಲಿ ಅಟ್ಟದ ಮೇಲಿದೆ ಮಾರಾಯ? ಎಷ್ಟೋ ವರ್ಷವಾಯಿತು. ಒಳ್ಳೆಯ ಡಬ್ಬಿ ಎಂದು ತೊಳೆದು ಮೆಂತ್ಯ ತುಂಬಿಟ್ಟಿದ್ದೇನೆ.”

ಬಾಯ್ಸಿಯಲ್ಲಿ ಆಗ ರಾತ್ರಿ ಹನ್ನೊಂದು. ಊರಲ್ಲಿ ಬೆಳಗಿನ ಹತ್ತೂವರೆ, ಅಮ್ಮ ಸಾರಿಗೆ ಒಗ್ಗರಣೆ ಹಾಕುವ ಹೊತ್ತು.